ಪಾದ್ರಿ ಅಜ್ಜನ ಕಾಗದಗಳು

ಜರ್ಮನಿಯಿಂದ 1836ರಲ್ಲಿ ಭಾರತಕ್ಕೆ ಬಂದ ಪಾದ್ರಿ ಹರ್ಮನ್ ಗುಂಡರ್ಟರು 1839ರಲ್ಲಿ ನಮ್ಮ ಕಾಸರಗೋಡಿಗೆ ತೆಂಕಣದ ತಲಶ್ಶೇರಿಯಲ್ಲಿ ನೆಲಸಿದರು. ಅವರ ಮಲೆಯಾಳ ನಿಘಂಟು 1872ರಲ್ಲಿ ಅಚ್ಚಾದುದು ಮಂಗಳೂರಿನಲ್ಲಿ. ತಲಶ್ಶೇರಿಯಲ್ಲೇ 1842ರಲ್ಲಿ ಹುಟ್ಟಿದ ಮಗಳು ಮರೀ; ಆಕೆಯ ಮಗನೇ 1946ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. ಆ ಮನೆಯವರು ಪತ್ರ, ದಿನಚರಿಗಳನ್ನು ಜೋಪಾನ ಮಾಡಿದ್ದರು. ಅಜ್ಜ ಬರಿಯ ಭಾವಚಿತ್ರವಾಗಿ ಉಳಿಯಲಿಲ್ಲ.

ಘಟ್ಟ ಇಳಿದೋ ಕಡಲ ಕರೆಯಿಂದಲೋ ಬಂದ ಪುರೋಹಿತರು, ಪಾದ್ರಿಗಳು, ಮುಸ್ಲಿಯಾರರು ನಮ್ಮ ಮನೆತನಗಳಲ್ಲೂ ಇದ್ದರು. ಅವರ ಹೆಸರನ್ನು ನಾವು ತರಗತಿಯಲ್ಲಿ ಕೇಳಿದರೆ ಮಕ್ಕಳು ಮುಖ ಮುಖ ನೋಡುತ್ತಾರೆ. 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಈ ಸೀಮೆಯಲ್ಲಿ, ಗೆದ್ದಲು ತಿನ್ನದೆ ಉಳಿದ ಮುತ್ತಜ್ಜನ ಕಾಗದ, ಆಧಾರಗಳು ಹೆಚ್ಚಾಗಿ ಕನ್ನಡದಲ್ಲೇ ಇವೆ. ಹೆತ್ತವರೇ, ಕನ್ನಡ ಬಿಡಿಸಿದ ಮಗುವಿಗೆ ಅವನ್ನು ಓದಿ ಹೇಳುವವರು ಯಾರು?