ಅಪ್ಪನ ಅಂಜಿಕೆ

ಅಪ್ಪನನ್ನು ಕುರಿತ ಈ ಸಂಚಿಕೆಗೆ ವಿಜಯಪುರ, ತಿಕೋಟಾ, ಬಬಲೇಶ್ವರಗಳಿಂದ ಬಂದ ಕಥೆಗಳನ್ನು ಓದುವಾಗ ಒಂದು ಕೊರತೆ ಕಾಡಿತು. ಬಹುಪಾಲು ಕಥೆಗಳಲ್ಲಿ ಅಪ್ಪ ಕೈ ಎತ್ತುತ್ತಾನೆ, ಇಲ್ಲವೇ ಸತ್ತು ಫೋಟೊ ಆಗಿ ಪೂಜೆಗೊಳ್ಳುತ್ತಾನೆ. ಅಂಜುವ ಅಪ್ಪ ಕಾಣುವುದೇ ಇಲ್ಲ. ಮಳೆ ಕೈಕೊಟ್ಟ ವರ್ಷ ಟ್ಯಾಂಕರ್ ನೀರು ಕೊಂಡು ದ್ರಾಕ್ಷಿ ಪಡ ಉಳಿಸಿಕೊಂಡ ತಿಕೋಟಾ ಭಾಗದ ರೈತ, ಸಾಲದ ಲೆಕ್ಕವನ್ನು ಮನೆಯವರಿಂದ ಮುಚ್ಚಿಟ್ಟು ನಿದ್ದೆಗೆಟ್ಟದ್ದನ್ನು ಯಾರೂ ಬರೆದಿಲ್ಲ. ಗಂಡಸು ಅಂಜಬಾರದು, ಅಳಬಾರದು ಎಂಬುದನ್ನು ಬರೆಯುವವರೂ ನಂಬಿಬಿಟ್ಟರೆ ಹೇಗೆ?

ನಮ್ಮ ಸೀಮೆಯ ಹಿರಿಯರು ಅದನ್ನು ಅಷ್ಟು ಸುಲಭಕ್ಕೆ ನಂಬಿದವರಲ್ಲ. ಹರದೇಶಿ-ನಾಗೇಶಿ ಹಾಡಿಕೆಯನ್ನೇ ನೋಡಿ. ದಪ್ಪು, ತುಂತುಣಿ, ತಾಳ ಹಿಡಿದು ಹರದೇಶಿಯವರು ಶಿವನ ಪಕ್ಷ ವಹಿಸಿ ಗಂಡೇ ಹೆಚ್ಚು ಎಂದು ಹಾಡುತ್ತಾರೆ. ನಾಗೇಶಿಯವರು ಶಕ್ತಿಯ ಪರವಾಗಿ ಎದುರು ಸವಾಲು ಹಾಕುತ್ತಾರೆ. ಬೆಳತನಕ ನಡೆಯುವ ಈ ವಾದದಲ್ಲಿ ಗಂಡಸಿನ ಹೆಚ್ಚುಗಾರಿಕೆಯನ್ನು ಇಡೀ ಊರಿನ ಮುಂದೆ ಸಾಧಿಸಿ ತೋರಿಸಬೇಕು. ಹೆಣ್ಣಿನ ಜವಾಬು ಕೇಳದೆ ಎದ್ದುಹೋಗುವಂತಿಲ್ಲ.

ಹಲಸಂಗಿಯ ಮಧುರಚೆನ್ನರು ಇನ್ನೂ ಮುಂದೆ ಹೋದರು. ‘ನನ್ನ ನಲ್ಲ’ದಲ್ಲಿ ಅವರು ಮಾತಾಡುವುದು ನಲ್ಲೆಯಾಗಿ. ಶರಣಸತಿ-ಲಿಂಗಪತಿ ಭಾವ ವಚನಕಾರರಿಂದಲೇ ಬಂದದ್ದು, ನಿಜ. ಆದರೆ 1931ರಲ್ಲಿ ‘ಗರತಿಯ ಹಾಡು’ ಹೊರತಂದ ಹಲಸಂಗಿ ಗೆಳೆಯರ ಬಳಗ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ದನಿಗೆ ಕಿವಿಗೊಟ್ಟಿತ್ತು. ಆ ಬಳಗದ ಕವಿಗೆ ಹೆಣ್ಣಿನ ದನಿ ಬರೀ ಸಂಪ್ರದಾಯವಾಗಿ ಒದಗಿರಲಾರದು ಎಂದೇ ನನ್ನ ನಂಬಿಕೆ.

ತಂದೆತನದ ಮಾತಿಗೆ ಬಂದರೆ ಬಸವಣ್ಣನವರಿಗಿಂತ ದಿಟ್ಟ ಉದಾಹರಣೆ ನನಗೆ ಸಿಕ್ಕಿಲ್ಲ. ಬಾಗೇವಾಡಿಯ ಮಾದರಸರ ಮಗ ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ವಚನದಲ್ಲಿ ತಂದೆಯ ಸ್ಥಾನಕ್ಕೆ ಕರೆದುಕೊಂಡರು. ರಕ್ತ, ಕುಲ ಎರಡನ್ನೂ ಬದಿಗಿಟ್ಟು, ಯಾರ ನಡೆ ತಮ್ಮನ್ನು ಬೆಳೆಸಿತೋ ಅವರ ಮಗನಾದರು. ಮಕ್ಕಳೇ ಹೀಗೆ ಅಪ್ಪನನ್ನು ಆರಿಸಿಕೊಳ್ಳಬಹುದಾದರೆ, ಹೆತ್ತ ಮಾತ್ರಕ್ಕೆ ಯಜಮಾನಿಕೆ ನಡೆಸುವವನಿಗೆ ನಮ್ಮ ಕಥೆಗಳು ಇನ್ನಷ್ಟು ಕಠಿಣವಾದ ಪ್ರಶ್ನೆ ಕೇಳಬೇಕಿತ್ತು. ತೇಜಸ್ವಿಯವರ ‘ಅಣ್ಣನ ನೆನಪು’ ಕುವೆಂಪು ಅವರನ್ನು ಮನೆಯೊಳಗಿನ ಮನುಷ್ಯನನ್ನಾಗಿ ತೋರಿಸಿತು. ಅಂಥ ಸಲುಗೆ ನಮ್ಮ ಹುಡುಗರ ಬರವಣಿಗೆಗೂ ಬರಲಿ.

ಮುಂದಿನ ಸಂಚಿಕೆಗೆ ಬಬಲೇಶ್ವರ, ತಿಕೋಟಾ ಸುತ್ತಿನ ಮೇಳದವರ ಸವಾಲು-ಜವಾಬಿನ ಪದಗಳನ್ನು ಕೂಡಿಸುತ್ತಿದ್ದೇವೆ. ಬಲ್ಲವರು ಬರೆದು ಕಳಿಸಿ. ನಾಗೇಶಿ ಪದಗಳನ್ನು ಬಿಡಬೇಡಿ, ಅವನ್ನು ಕಲಿಸಿದವರ ಹೆಸರನ್ನೂ ಸೇರಿಸಿ.