ಟೂರ್ ಕಂಪನಿಯದು, ರೂಮ್ ನಂಬರ್ ನನ್ನದು

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕಂಪನಿ ಖರ್ಚಿನಲ್ಲಿ ನಾಲ್ಕು ಜನ ಬೆಂಗಳೂರಿನಿಂದ ಪುಣೆಗೆ ಹೊರಟಿದ್ದೆವು. ‘ಮಗಳು ವಿಮಾನದಲ್ಲಿ ಹೋಗ್ತಾಳೆ’ ಎಂದು ಅಮ್ಮ ಊರಲ್ಲಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಹಿಂದಿನ ಸಂಜೆ ಆಫೀಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫೈಲ್ ಬಂತು. ಅದರಲ್ಲಿ ನಾಲ್ವರ ಟಿಕೆಟ್, ಆಧಾರ್ ಪ್ರತಿ, ಹೋಟೆಲ್ ಹೆಸರು ಎಲ್ಲವೂ ಇದ್ದವು. ಗ್ರೂಪಿನಲ್ಲಿದ್ದವರು ಎಂಬತ್ತು ಜನ. ಪುಣೆ ತಲುಪಿದ ಮೇಲೆ ಯಾರಿಗೆ ಯಾವ ರೂಮ್ ಎಂಬ ಪಟ್ಟಿಯೂ ಅಲ್ಲಿಗೇ ಬಂತು.

ರಾತ್ರಿ ಹನ್ನೊಂದಕ್ಕೆ ಬೇರೆ ವಿಭಾಗದವರೊಬ್ಬರ ಮೆಸೇಜ್: ‘304 ಅಲ್ವಾ? ಒಬ್ಬರೇನಾ?’ ಅವರ ಜೊತೆ ನಾನು ಒಮ್ಮೆಯೂ ಮಾತನಾಡಿದವಳಲ್ಲ. ಎದ್ದು ಬಾಗಿಲ ಚಿಲಕ ಮತ್ತೊಮ್ಮೆ ನೋಡಿದೆ. ನಿದ್ದೆ ಬರಲಿಲ್ಲ.

ಮರುದಿನ ಅಡ್ಮಿನ್‌ಗೆ ಹೇಳಿದೆ. ‘ಎಲ್ಲ ನಮ್ಮವರೇ ಅಲ್ವೇನಮ್ಮ, ಸೇಫ್ಟಿಗೇ ಹಾಕಿದ್ದು’ ಎಂದರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಪರವೂರಿನಲ್ಲಿ ಹುಷಾರು ತಪ್ಪಿದರೆ, ನಡುರಾತ್ರಿ ಕ್ಯಾಬ್ ಕೆಟ್ಟು ನಿಂತರೆ, ನಾವು ಎಲ್ಲಿದ್ದೇವೆ ಎಂಬುದು ಆಫೀಸಿಗೆ ಗೊತ್ತಿರಲೇಬೇಕು. ಆದರೆ ಆಫೀಸಿಗೆ ಗೊತ್ತಿರುವುದು ಬೇರೆ, ಆಫೀಸಿನಲ್ಲಿರುವ ಎಲ್ಲರಿಗೂ ಗೊತ್ತಿರುವುದು ಬೇರೆ. ನನ್ನ ರೂಮ್ ನಂಬರ್ ಬೇಕಿದ್ದದ್ದು ಟೀಮ್ ಲೀಡ್‌ಗೆ ಮತ್ತು ಜೊತೆಗೆ ಬಂದ ಮೂವರಿಗೆ. ಉಳಿದವರ ಮೊಬೈಲಿಗೂ ಅದು ಹೋದದ್ದರಿಂದ ನನ್ನ ಸುರಕ್ಷತೆ ಹೆಚ್ಚಲಿಲ್ಲ, ಕಡಿಮೆಯಾಯಿತು.

ತಪ್ಪು ಅಡ್ಮಿನ್‌ದು ಮಾತ್ರವಲ್ಲ. ಏರ್‌ಪೋರ್ಟಿನಲ್ಲಿ ಬೋರ್ಡಿಂಗ್ ಪಾಸ್ ಹಿಡಿದ ಫೋಟೊವನ್ನು ಸ್ಟೇಟಸ್‌ಗೆ ಹಾಕಿದವಳು ನಾನೇ. ಅನೇಕ ವಿಮಾನ ಕಂಪನಿಗಳ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಮತ್ತು ಕೊನೆಯ ಹೆಸರು ಕೊಟ್ಟರೆ ಸಾಕು, ಬುಕಿಂಗ್ ತೆರೆದುಕೊಳ್ಳುತ್ತದೆ. ಆ ಎರಡೂ ಬೋರ್ಡಿಂಗ್ ಪಾಸ್ ಮೇಲೆಯೇ ಇರುತ್ತವೆ. ಆಧಾರ್ ಕೊಡುವಾಗಲೂ ಅಷ್ಟೆ, 12 ಅಂಕಿಗಳಲ್ಲಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ‘ಮಾಸ್ಕ್ಡ್ ಆಧಾರ್’ ಇದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಉದ್ಯೋಗದ ಉದ್ದೇಶಕ್ಕೆ ನಮ್ಮ ಮಾಹಿತಿ ಬಳಸಲು ಕಂಪನಿಗೆ ಅವಕಾಶ ಕೊಡುತ್ತದೆ. ಅದು ಸೋರದಂತೆ ಕಾಯುವ ಹೊಣೆಯನ್ನೂ ಕಂಪನಿಯ ಮೇಲೇ ಹೊರಿಸುತ್ತದೆ.

ಆ ಮೆಸೇಜಿನ ಸ್ಕ್ರೀನ್‌ಶಾಟನ್ನು ಎಚ್‌ಆರ್‌ಗೆ ಕಳಿಸಿದೆ. ಕಳಿಸುವ ಮುನ್ನ ಒಂದು ಗಂಟೆ ಯೋಚಿಸಿದ್ದೆ. ಹೊಸಬಳು, ಪ್ರೊಬೇಷನ್ ಬೇರೆ. ಯಾರೂ ಬೈಯಲಿಲ್ಲ. ಮುಂದಿನ ಟೂರಿಗೆ ಹೋಗುವವರದ್ದೇ ಸಣ್ಣ ಗ್ರೂಪ್ ಮಾಡಿದರು, ವಾಪಸ್ ಬಂದ ದಿನ ಅಳಿಸಿದರು.

ನೀವೂ ನಾಳೆ ಕೆಲಸಕ್ಕೆ ಸೇರುತ್ತೀರಿ, ಮೊದಲ ಟೂರ್ ಬರುತ್ತದೆ. ಖುಷಿಯಿಂದ ಹೋಗಿ, ಮನೆಯವರಿಗೆ ಹೋಟೆಲ್ ವಿಳಾಸ ಕೊಟ್ಟು ಹೋಗಿ. ಆಧಾರ್ ಪ್ರತಿ ಕಳಿಸುವ ಮುನ್ನ ‘ಸರ್, ಇದು ಯಾರ್ಯಾರಿಗೆ ಹೋಗುತ್ತೆ?’ ಎಂದು ಒಂದು ಮಾತು ಕೇಳಿ. ಕೇಳಿದರೆ ಕೆಲಸ ಹೋಗುವುದಿಲ್ಲ.