ಅಣ್ವಸ್ತ್ರಕ್ಕೆ ಸ್ಟಾಪ್‌ಲಾಗ್ ಇಲ್ಲ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ನಮ್ಮ ಮುಂಡರಗಿ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಸುಮಾರು 70 ವರ್ಷ ನಿಂತಿದ್ದ ಗೇಟು ಅದು. ಹತ್ತಾರು ಟಿಎಂಸಿ ನೀರು ಹರಿದುಹೋಯಿತು. ಆದರೆ ಒಂದು ವಾರದಲ್ಲಿ, ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಉಳಿದ ನೀರನ್ನು ಹಿಡಿದರು. ಯಾವ ಯಂತ್ರವೂ ಒಂದಲ್ಲ ಒಂದು ದಿನ ಕೈಕೊಡುತ್ತದೆ ಎಂದು ಒಪ್ಪಿಕೊಂಡೇ ಎಂಜಿನಿಯರ್ ಲೆಕ್ಕ ಹಾಕುತ್ತಾನೆ. ಅದಕ್ಕೇ ಬೇಕಾದದ್ದಕ್ಕಿಂತ ಹೆಚ್ಚು ಬಲ ಇಡುತ್ತಾನೆ, ತಪ್ಪಿದರೆ ಸರಿಪಡಿಸಲು ದಾರಿ ಬಿಟ್ಟಿರುತ್ತಾನೆ.

ಅಣ್ವಸ್ತ್ರಗಳ ಲೆಕ್ಕದಲ್ಲಿ ಆ ದಾರಿಯೇ ಇಲ್ಲ. ನೀನು ಹಾಕಿದರೆ ನಾನೂ ಹಾಕುತ್ತೇನೆ ಎಂಬ ಹೆದರಿಕೆಯೇ ಶಾಂತಿ ಕಾಯುತ್ತದೆ ಎನ್ನುವುದು ಅದರ ಸಿದ್ಧಾಂತ. ಈ ಸಿದ್ಧಾಂತ ನಡೆಯಬೇಕಾದರೆ ಯಂತ್ರವೂ ಮನುಷ್ಯನೂ ಒಂದು ಸಲವೂ ತಪ್ಪಬಾರದು. 2022ರ ಮಾರ್ಚ್ 9ರಂದು ಏನಾಯಿತು ನೋಡಿ. ನಮ್ಮದೇ ಒಂದು ಬ್ರಹ್ಮೋಸ್ ಕ್ಷಿಪಣಿ ಯಾರೂ ಬಯಸದೆ ಹಾರಿ, ಗಡಿ ದಾಟಿ, ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಮೊದಲು ತಾಂತ್ರಿಕ ದೋಷ ಎಂದರು. ಆಗಸ್ಟ್‌ನಲ್ಲಿ, ನಿಯಮ ಪಾಲಿಸಲಿಲ್ಲವೆಂದು ಮೂವರು ಅಧಿಕಾರಿಗಳನ್ನು ವಜಾ ಮಾಡಿದರು. ಅದೇ ಕ್ಷಿಪಣಿ 2025ರ ಮೇ ತಿಂಗಳ ಸಂಘರ್ಷದ ನಾಲ್ಕು ದಿನಗಳಲ್ಲಿ ತಪ್ಪಿ ಹಾರಿದ್ದರೆ, ಖಾಲಿಯೋ ತುಂಬಿದೆಯೋ ಎಂದು ಆ ಕಡೆಯವರು ಕಾದು ನೋಡುತ್ತಿದ್ದರೇ? ಎರಡು ದೇಶಗಳ ನಡುವೆ ಕ್ಷಿಪಣಿಗೆ ಬೇಕಾದದ್ದು ಕೆಲವೇ ನಿಮಿಷ.

ಪೋಖ್ರಾನ್ ಪರೀಕ್ಷೆಯಾದ 1998ರಿಂದ ಏನೂ ಆಗಿಲ್ಲವಲ್ಲ ಎಂದು ಓದಿದವರೇ ವಾದಿಸುತ್ತಾರೆ. 19ನೇ ಗೇಟಿಗೂ ಎಪ್ಪತ್ತು ವರ್ಷ ಏನೂ ಆಗಿರಲಿಲ್ಲ! ಬಾಂಬು ಯುದ್ಧ ತಡೆಯುತ್ತದೆ ಎನ್ನುವವರಿಗೆ, ಪರೀಕ್ಷೆಯಾದ ಮರುವರ್ಷವೇ ಕಾರ್ಗಿಲ್ ನಡೆಯಿತೆಂಬುದು ನೆನಪಿರಲಿ.

ಬಿದ್ದರೆ ದಿಲ್ಲಿಯ ಮೇಲೆ, ಲಾಹೋರಿನ ಮೇಲೆ ಬೀಳುತ್ತದೆ, ಗದಗಿಗೇನು ಎನ್ನುವವರೂ ಇದ್ದಾರೆ. ಹಿರೋಶಿಮಾ ಗಾತ್ರದ 100 ಬಾಂಬುಗಳು ಭಾರತ–ಪಾಕಿಸ್ತಾನಗಳ ನಗರಗಳ ಮೇಲೆ ಬಿದ್ದರೆ ಏನಾದೀತೆಂದು ಅಲನ್ ರೋಬಾಕ್ ಮತ್ತಿತರ ಹವಾಮಾನ ವಿಜ್ಞಾನಿಗಳು 2007ರಲ್ಲಿ ಲೆಕ್ಕ ಹಾಕಿದರು. ಸುಮಾರು 50 ಲಕ್ಷ ಟನ್ ಮಸಿ ಆಕಾಶಕ್ಕೇರಿ ಬಿಸಿಲನ್ನು ತಡೆಯುತ್ತದೆ, ಮುಂಗಾರು ಕುಗ್ಗುತ್ತದೆ, ಅದು ಒಂದು ವರ್ಷದ ಮಾತಲ್ಲ. ಮಳೆಯನ್ನೇ ನಂಬಿದ ನಮ್ಮ ಎರೆಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ ಏನಾದಾವು? ಲಕ್ಷ್ಮೇಶ್ವರದ ರೈತ ಒಂದು ವರ್ಷದ ಬರವನ್ನೇ ಸಾಲ ಮಾಡಿ ದಾಟುತ್ತಾನೆ.

2003ರ ಜನವರಿ 4ರಂದು ಪ್ರಕಟವಾದ ನಮ್ಮ ನೀತಿಯಲ್ಲಿ ಒಂದು ಒಳ್ಳೆಯ ಮಾತಿದೆ: ಅಣ್ವಸ್ತ್ರವನ್ನು ನಾವು ಮೊದಲು ಬಳಸುವುದಿಲ್ಲ. ಪಾಕಿಸ್ತಾನ ಅಂಥ ಮಾತು ಕೊಟ್ಟಿಲ್ಲ. ರಣರಂಗದಲ್ಲೇ ಬಳಸಲೆಂದು 60–70 ಕಿ.ಮೀ. ವ್ಯಾಪ್ತಿಯ ನಸ್ರ್ ಕ್ಷಿಪಣಿಯನ್ನೂ ಮಾಡಿಕೊಂಡಿದೆ. ಆದರೂ ನಮ್ಮ ಮಾತಿಗೆ ಬೆಲೆಯಿದೆ. ಮೊದಲು ಹಾಕಬೇಕೆಂಬ ಆತುರ ಇಲ್ಲದವನಿಗೆ ವಿಚಾರ ಮಾಡಲು ಸಮಯ ಸಿಗುತ್ತದೆ. ಈ ಇಡೀ ಯಂತ್ರದಲ್ಲಿ ಸ್ವಲ್ಪವಾದರೂ ಸುರಕ್ಷತೆ ಇರುವುದು ಅಲ್ಲಿ ಮಾತ್ರ. 2019ರ ಆಗಸ್ಟ್ 16ರಂದು ಪೋಖ್ರಾನಿನಲ್ಲಿ ರಕ್ಷಣಾ ಸಚಿವ ರಾಜನಾಥ ಸಿಂಗ್, ಮುಂದೆ ಏನೆಂಬುದು ಪರಿಸ್ಥಿತಿಯ ಮೇಲೆ ನಿಂತಿದೆ ಎಂದುಬಿಟ್ಟರು. ಆ ಮಾತು ನಮಗೆ ಒಪ್ಪಿಗೆಯಿಲ್ಲ.

ಇದು ಮಠಗಳಿಗೆ ಸಂಬಂಧಿಸಿದ ವಿಷಯವೇ? 2011ರಲ್ಲಿ ಹಳ್ಳಿಗುಡಿ ಸುತ್ತಲಿನ ಭೂಮಿ ಪೋಸ್ಕೊ ಕಾರ್ಖಾನೆಗೆ ಹೋಗುವುದರಲ್ಲಿತ್ತು. ಲಿಂಗೈಕ್ಯ ತೋಂಟದ ಡಾ. ಸಿದ್ಧಲಿಂಗ ಮಹಾಸ್ವಾಮಿಗಳು ಆಗ ಈ ಪ್ರಶ್ನೆ ಕೇಳುತ್ತ ಕೂಡಲಿಲ್ಲ. ರೈತರೊಂದಿಗೆ ಬೀದಿಗಿಳಿದರು, ಸರ್ಕಾರ ಹಿಂದೆ ಸರಿಯಿತು. ಹಿರೋಶಿಮಾ, ನಾಗಸಾಕಿಗಳಲ್ಲಿ ಬದುಕುಳಿದವರು 1956ರಲ್ಲಿ ಕಟ್ಟಿದ ನಿಹೊನ್ ಹಿದಾಂಕ್ಯೊ ಸಂಘಕ್ಕೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರು ಮಾಡಿದ್ದೂ ಇಷ್ಟೇ: ಕಂಡದ್ದನ್ನು ಊರೂರಿಗೆ ಹೋಗಿ ಹೇಳಿದರು.

ಗದಗ-ಬೆಟಗೇರಿ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಮಠಗಳು ಬರುವ ಆಗಸ್ಟ್ 6ರ ಹಿರೋಶಿಮಾ ದಿನದ ವಾರದ ಶಿವಾನುಭವವನ್ನು ಈ ವಿಷಯಕ್ಕೇ ಇಡಲಿ. ವಿಜ್ಞಾನ ಕಲಿಸುವ ಶಿಕ್ಷಕರನ್ನು, ನಿವೃತ್ತ ಯೋಧರನ್ನು ಕರೆದು ಮಾತನಾಡಿಸಲಿ. ಹಾವೇರಿ ಲೋಕಸಭಾ ಕ್ಷೇತ್ರದ ಮತ ಕೇಳುವವರು ಹೇಗೂ ಮಠದ ಬಾಗಿಲಿಗೆ ಬರುತ್ತಾರೆ. ರಸ್ತೆ, ನೀರು ಕೇಳಿದ ಮೇಲೆ ಇದೊಂದನ್ನೂ ಕೇಳೋಣ: ಮೊದಲು ಬಳಸುವುದಿಲ್ಲ ಎಂಬ ಮಾತನ್ನು ಉಳಿಸಲು ಸಂಸತ್ತಿನಲ್ಲಿ ಎದ್ದು ನಿಲ್ಲುತ್ತೀರೋ, ಇಲ್ಲವೋ?